ಬಂದ ತಾರೀಖು

ಮೇ 3, ಸಂಜೆ 4.10. ವಿಮಾನ ನಿಲ್ದಾಣದ ಪೊಲೀಸ್ ಠಾಣೆಗೆ ಬಂದ ದೂರು ಇಷ್ಟೇ: ಟಿ.ವಿ. ತಂಡದ ಕೋಣೆಯಿಂದ ಒಂದು ಹಾರ್ಡ್ ಡಿಸ್ಕ್ ಕಳವಾಗಿದೆ. ಕೋಣೆಗೆ ಹಾಕಿದ್ದ ಬೀಗ ಹಾಕಿದ ಹಾಗೇ ಇದೆ.

ದೂರು ತಂದವನು ತಂಡದ ನಿರ್ಮಾಪಕ. ಕೊರಳಲ್ಲಿ ಸದಾ ಹೆಡ್‌ಫೋನ್ ನೇತುಹಾಕಿಕೊಂಡು ಓಡಾಡುವ ಅವನು ಠಾಣೆಯವರಿಗೆಲ್ಲ ಪರಿಚಿತ. ಒಂಬತ್ತು ತಿಂಗಳಿಂದ ಅವನ ತಂಡ ನಿಲ್ದಾಣದಲ್ಲೇ ಬಿಡಾರ ಹೂಡಿತ್ತು. ಬರುವವರು, ಹೋಗುವವರು, ತಬ್ಬಿಕೊಳ್ಳುವವರು, ತಪಾಸಣೆಯಲ್ಲಿ ಸಿಕ್ಕಿಬೀಳುವವರು, ಎಲ್ಲರನ್ನೂ ಚಿತ್ರಿಸಿ ವಾರಕ್ಕೊಂದು ಕಂತು ಪ್ರಸಾರ ಮಾಡುತ್ತಿತ್ತು. ಕಾರ್ಯಕ್ರಮದ ಹೆಸರು 'ಆಗಮನ'. ಆಗಮನದ ಹಾಲ್‌ನ ಬಾಗಿಲಲ್ಲಿ ಆಳೆತ್ತರದ ಬೋರ್ಡು ನಿಂತಿತ್ತು: 'ಇಲ್ಲಿ ಚಿತ್ರೀಕರಣ ನಡೆಯುತ್ತಿದೆ. ಒಳಗೆ ಬಂದವರು ಅದಕ್ಕೆ ಒಪ್ಪಿದಂತೆ.'

"ಡಿಸ್ಕ್ ಹೋದ್ರೆ ಹೋಗ್ಲಿ ಸಾರ್, ಇನ್ನೊಂದು ಕೊಳ್ಳಬಹುದು. ಒಳಗಿರೋದು ಹೊರಗೆ ಬಂದ್ರೆ ನಮ್ಮ ಕತೆ ಮುಗೀತು."

"ಒಳಗೇನಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಮುಖಗಳು."

ಅವನು ವಿವರಿಸಿದ. ಚಿತ್ರೀಕರಣವಾದ ಕೂಡಲೇ ಪ್ರಯಾಣಿಕರಿಗೆ ಒಂದು ಚೀಟಿ ಕೊಡುತ್ತಾರೆ. ಟಿ.ವಿ.ಯಲ್ಲಿ ಬರಲು ಒಪ್ಪಿದವರಿಗೆ ಹಸಿರು, ಬೇಡ ಎಂದವರಿಗೆ ಕೆಂಪು. ಕೆಂಪು ಚೀಟಿಯವರ ಮುಖವನ್ನು ಪ್ರಸಾರಕ್ಕೆ ಮೊದಲು ಮಸುಕು ಮಾಡುತ್ತಾರೆ. ಯಾರ ಮುಖ ಎಂದು ಸಂಕಲನದವರಿಗೆ ಗೊತ್ತಾಗಬೇಕಲ್ಲ, ಅದಕ್ಕೆ ಅವರನ್ನು ಚೀಟಿ ಹಿಡಿಸಿ ನಿಲ್ಲಿಸಿ ಒಂದು ಫೋಟೊ ತೆಗೆಯುತ್ತಾರೆ.

"ಅಂದ್ರೆ ಫೋಟೊ ಬೇಡ ಅಂದವರದ್ದು ಒಂದು ಫೋಟೊ ಜಾಸ್ತಿ ತೆಗೀತೀರಿ," ಎಂದರು ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೆಬಲ್. ಬರೆದದ್ದನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದುವ ಚಾಳಿಯಿಂದಾಗಿ ಠಾಣೆಯಲ್ಲಿ ಆಕೆಗೆ 'ಟೀಚರಮ್ಮ' ಎಂದೇ ಹೆಸರು. ಇನ್‌ಸ್ಪೆಕ್ಟರ್ ಕೂಡ ಹಾಗೇ ಕರೆಯುತ್ತಿದ್ದರು.

ನಿರ್ಮಾಪಕ ನಗಲಿಲ್ಲ. "ಮಸುಕು ಮಾಡೋದು ಪ್ರಸಾರದ ಪ್ರತಿಯಲ್ಲಿ ಮಾತ್ರ ಮೇಡಂ. ಈ ಡಿಸ್ಕ್‌ನಲ್ಲಿ ಎಲ್ಲಾ ಹಸಿ ಚಿತ್ರೀಕರಣ. ನಲವತ್ತು ಗಂಟೆಯದ್ದು. ಅದರಲ್ಲಿ ಮೂವತ್ತೆಂಟು ಕೆಂಪು ಚೀಟಿ. ಒಬ್ಬೊಬ್ಬರ ಮುಖವೂ ಕನ್ನಡಿಯಲ್ಲಿ ಕಂಡ ಹಾಗೆ ಕಾಣತ್ತೆ."

ಅಪರಾಧ ಸಂಖ್ಯೆ 41ರ ಅಡಿ ಕಳವು ಪ್ರಕರಣ ದಾಖಲಾಯಿತು. ಎಫ್‌ಐಆರ್ ಮುಗಿದಾಗ 5.05.

ಕೋಣೆ ಆಗಮನದ ಹಾಲ್‌ನ ಒಂದು ಮೂಲೆಯಲ್ಲಿ, ಕಳೆದುಹೋದ ಸಾಮಾನಿನ ಕೌಂಟರ್ ಪಕ್ಕದಲ್ಲಿತ್ತು. ಪ್ಲೈವುಡ್ ಹಲಗೆ ನಿಲ್ಲಿಸಿ ಮಾಡಿದ ತಾತ್ಕಾಲಿಕ ಕೋಣೆ. ಬಾಗಿಲಿಗೆ ಕಬ್ಬಿಣದ ಚಿಲಕದ ಪಟ್ಟಿ, ಅದಕ್ಕೊಂದು ದಪ್ಪ ಬೀಗ. ತಂಡದವರು ಮಧ್ಯಾಹ್ನ 1.40ಕ್ಕೆ ಬೀಗ ಹಾಕಿ ಊಟಕ್ಕೆ ಹೋಗಿದ್ದರು, 2.25ಕ್ಕೆ ಬಂದು ತೆಗೆದಿದ್ದರು. ಒಳಗಿನ ಕಪಾಟಿನಲ್ಲಿ ಹಳದಿ ಡಬ್ಬಿಗಳು ಪುಸ್ತಕಗಳಂತೆ ನಿಂತಿದ್ದವು. ಪ್ರತಿಯೊಂದರ ಬೆನ್ನಿಗೂ ತಾರೀಖು ಬರೆದ ಚೀಟಿ. ಸಾಲಿನ ನಡುವೆ ಒಂದು ಡಬ್ಬಿಯಷ್ಟು ಜಾಗ ಖಾಲಿ.

"ಯಾವುದು ಹೋಗಿರೋದು?"

"ಹದಿನಾಲ್ಕು–ಮೂರು."

ಪಕ್ಕದಲ್ಲೇ ಎರಡು ಕ್ಯಾಮೆರಾ, ಲೆನ್ಸುಗಳ ಪೆಟ್ಟಿಗೆ, ಯಾರದೋ ಕೈಗಡಿಯಾರ ಇದ್ದವು. ಕಳ್ಳ ಅವುಗಳ ಗೋಜಿಗೇ ಹೋಗಿರಲಿಲ್ಲ.

ಪಂಚನಾಮೆ ಬರೆಯುತ್ತಿದ್ದ ಟೀಚರಮ್ಮ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಚಿಲಕದ ಪಟ್ಟಿಯನ್ನೇ ನೋಡಿದರು. "ಸಾರ್, ಇಲ್ಲಿ ಬನ್ನಿ."

ಪಟ್ಟಿಯನ್ನು ಬಾಗಿಲಿಗೆ ಹಿಡಿದಿದ್ದವು ನಾಲ್ಕು ಸ್ಕ್ರೂಗಳು, ನಾಲ್ಕೂ ಹೊರಮುಖವಾಗಿ. ಬೀಗ ಎಷ್ಟೇ ದಪ್ಪವಿದ್ದರೂ ಪಟ್ಟಿ ಬಿಚ್ಚಿದರೆ ಬಾಗಿಲು ತೆರೆಯುತ್ತದೆ. ಮತ್ತೆ ಕೂಡಿಸಿದರೆ ಯಾರಿಗೂ ತಿಳಿಯದು. ಕಬ್ಜೆಯ ಸ್ಕ್ರೂಗಳ ತಲೆಯ ಗೆರೆಗಳು ಒಂದೊಂದು ಒಂದೊಂದು ದಿಕ್ಕಿಗಿದ್ದವು, ಬಡಗಿ ಬಿಟ್ಟುಹೋದ ಹಾಗೆ. ಪಟ್ಟಿಯ ನಾಲ್ಕು ಸ್ಕ್ರೂಗಳ ಗೆರೆ ಮಾತ್ರ ನೆಟ್ಟಗೆ, ಮೇಲಿಂದ ಕೆಳಕ್ಕೆ, ಒಂದೇ ಸಾಲು. ಒಂದರಲ್ಲೂ ಗೀರಿಲ್ಲ. ಬೆರಳು ಆಡಿಸಿದರೆ ತೆಳ್ಳನೆ ಎಣ್ಣೆಯ ಪಸೆ.

"ಕದಿಯೋಕೆ ಬಂದವನು ಸ್ಕ್ರೂಗೆ ಎಣ್ಣೆ ಬಿಟ್ಟು ಹೋಗಿದಾನೆ," ಎಂದರು ಟೀಚರಮ್ಮ. "ಇಂಥವನು ಸಿಕ್ಕಿದ್ರೆ ನಮ್ಮನೆ ಕಿಟಕೀನೂ ಸರಿ ಮಾಡಿಸ್ಕೋಬೇಕು."

ಇನ್‌ಸ್ಪೆಕ್ಟರಿಗೂ ನಗು ಬಂತು. ಆದರೆ ಕ್ವಾರ್ಟರ್ಸಿಗೆ ಹೋದ ಮೇಲೂ ಆ ನಾಲ್ಕು ನೇರ ಗೆರೆಗಳು ಕಣ್ಣ ಮುಂದಿನಿಂದ ಹೋಗಲಿಲ್ಲ. ಅವಸರದಲ್ಲಿ, ಸಿಕ್ಕಿಬೀಳುವ ಭಯದಲ್ಲಿ, ಒಬ್ಬ ಮನುಷ್ಯ ಸ್ಕ್ರೂಗಳನ್ನು ಸೊಟ್ಟಗೆ ಬಿಟ್ಟುಹೋಗಲು ಆಗದೆ ನಿಂತಿದ್ದಾನೆ.

ಮೇ 4 ಮತ್ತು 5 ಕೆಂಪು ಚೀಟಿಯವರ ಹಿಂದೆ ಕಳೆದವು. ಡಿಸ್ಕ್ ಬೇಕಾಗಿರುವುದು ಅದರಲ್ಲಿ ಮುಖ ಇರುವವರಿಗೇ ತಾನೆ? ಮೂವತ್ತೆಂಟು ಮಂದಿಯಲ್ಲಿ ಊರಲ್ಲಿದ್ದವರು ಹನ್ನೊಂದು. ಅವರಲ್ಲಿ ತಂಡದ ಜತೆ ಕೈಕೈ ಮಿಲಾಯಿಸುವವರೆಗೂ ಹೋಗಿದ್ದವನು ಒಬ್ಬನೇ, ತಂಪು ಕನ್ನಡಕದ ಒಬ್ಬ ಬಟ್ಟೆ ವ್ಯಾಪಾರಿ. ಅವನನ್ನು ಠಾಣೆಗೆ ಕರೆಸಲಾಯಿತು.

"ಅವತ್ತು ನಿಮ್ಮ ಜತೆಗಿದ್ದವರು ಯಾರು?"

"ಅಕ್ಕನ ಮಗಳು."

"ಚೀಟಿಯಲ್ಲಿ ಅವರು 'ಆಫೀಸಿನ ಸಹೋದ್ಯೋಗಿ' ಅಂತ ಬರೆದಿದಾರೆ."

"ಅಕ್ಕನ ಮಗಳು ನಮ್ಮ ಆಫೀಸಲ್ಲೇ ಇದಾಳೆ."

"ನಿಮಗೆ ಅಕ್ಕ ಇದಾರಾ?"

ವ್ಯಾಪಾರಿ ಕನ್ನಡಕ ತೆಗೆದು ಒರೆಸಿಕೊಂಡ. "ಸಾರ್, ನಾನು ಕಳ್ಳ ಅಲ್ಲ. ಕಳ್ಳ ಸಿಕ್ಕಿದ್ರೆ ಹೇಳಿ, ಒಂದು ಹಾರ ಹಾಕ್ತೀನಿ." ಮೇ 3ರಂದು ಇಡೀ ದಿನ ಅವನು ಹಲ್ಲಿನ ಆಸ್ಪತ್ರೆಯಲ್ಲಿದ್ದ, ದಾಖಲೆ ಸರಿಯಿತ್ತು. ಉಳಿದ ಹತ್ತು ಮಂದಿಯ ಕಡೆಯಿಂದಲೂ ಏನೂ ಹೊರಡಲಿಲ್ಲ.

ಸಿಸಿಟಿವಿ ಕ್ಯಾಮೆರಾಗೆ ಕೋಣೆಯ ಬಾಗಿಲು ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಕಳೆದುಹೋದ ಸಾಮಾನಿನ ಕೌಂಟರ್ ಎದುರಿನ ಬೆಂಚು ಮಾತ್ರ. ಇನ್‌ಸ್ಪೆಕ್ಟರ್ ಅದನ್ನು ಮೂರು ಸಲ ನೋಡಿದರು. ಜನ ಬರುತ್ತಿದ್ದರು, ಕೂರುತ್ತಿದ್ದರು, ಏಳುತ್ತಿದ್ದರು. ಯಾರಿಗೂ ತಾವು ನೋಡಿಸಿಕೊಳ್ಳುತ್ತಿದ್ದೇವೆ ಎಂಬ ಪರಿವೆ ಇಲ್ಲ. ಒಬ್ಬಾಕೆ ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಂಡಳು. ಒಬ್ಬ ತನ್ನಷ್ಟಕ್ಕೆ ಮಾತಾಡಿಕೊಂಡು ಕೈಯಾಡಿಸಿದ. ಬೇರೆಯವರ ಮನೆಯ ಕಿಟಕಿಯಲ್ಲಿ ಇಣುಕಿದಂತಾಗಿ ಇನ್‌ಸ್ಪೆಕ್ಟರ್ ಒಮ್ಮೆ ಪರದೆಯಿಂದ ಕಣ್ಣು ತೆಗೆದರು.

ಮೇ 6, ಬೆಳಿಗ್ಗೆ 10.30. ಟೀಚರಮ್ಮ ಮುದ್ದೆಮಾಲು ಕೋಣೆಯಲ್ಲಿ, ಅಂದರೆ ಠಾಣೆ ವಶಪಡಿಸಿಕೊಂಡ ವಸ್ತುಗಳನ್ನು ಇಡುವ ಕೋಣೆಯಲ್ಲಿ, ಒಂದು ಸೂಟ್‌ಕೇಸಿಗೆ ಚೀಟಿ ಕಟ್ಟುತ್ತಿದ್ದರು. ಕಟ್ಟುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ ನೇರ ಇನ್‌ಸ್ಪೆಕ್ಟರ್ ಕೋಣೆಗೆ ಬಂದರು.

"ಸಾರ್, ಹದಿನಾಲ್ಕು–ಮೂರು ಅಂದ್ರೆ ಏನು?"

"ಮಾರ್ಚ್ ಹದಿನಾಲ್ಕು."

"ಮಾರ್ಚ್ ಹದಿನಾಲ್ಕು ಏನು? ನಾವು ವಸ್ತು ಬಂದ ತಾರೀಖು ಬರೀತೀವಿ. ಟಿ.ವಿ.ಯವರು ಕೊಟ್ಟಿರೋ ಪಟ್ಟಿಯಲ್ಲಿ ಆ ಬಟ್ಟೆ ವ್ಯಾಪಾರಿಯನ್ನ ಚಿತ್ರಿಸಿದ್ದು ಫೆಬ್ರವರಿಯಲ್ಲಿ."

ಫೋನ್ ಮಾಡಿದಾಗ ನಿರ್ಮಾಪಕ, ಇದರಲ್ಲೇನು ವಿಶೇಷ ಎಂಬಂತೆ ಹೇಳಿದ: "ನಮ್ಮಲ್ಲಿ ಪ್ರಸಾರದ ತಾರೀಖು ಬರೆಯೋದು ಸಾರ್. ಚಿತ್ರೀಕರಣ ಆಗಿ ನಾಲ್ಕು ವಾರಕ್ಕೆ ಪ್ರಸಾರ. ಯಾವ ಡಿಸ್ಕ್ ಯಾವತ್ತು ಹೊರಗೆ ಹೋಗಬೇಕು ಅನ್ನೋದೇ ನಮಗೆ ಮುಖ್ಯ."

ಇನ್‌ಸ್ಪೆಕ್ಟರ್ ಫೋನ್ ಇಟ್ಟು ಟೀಚರಮ್ಮನ ಮುಖ ನೋಡಿದರು. ಎರಡು ದಿನ ಅವರು ಆ ಡಿಸ್ಕ್‌ನಲ್ಲಿ ಇರುವವರನ್ನು ಹುಡುಕಿದ್ದರು. ಕಳ್ಳ ಡಬ್ಬಿಯ ಬೆನ್ನಿನ ಚೀಟಿಯನ್ನು ಹೊರಗಿನವರಂತೆ ಓದಿದ್ದರೆ, ಅವನಿಗೆ ಬೇಕಾಗಿದ್ದದ್ದು ಮಾರ್ಚ್ 14ರಂದು ನಿಲ್ದಾಣದಲ್ಲಿ ನಡೆದದ್ದು.

ಠಾಣಾ ದಿನಚರಿ ತೆಗೆದರು. ಮಾರ್ಚ್ 14ರ ಪುಟದಲ್ಲಿ ಆರು ನಮೂದುಗಳು. ಐದು ಮಾಮೂಲಿನವು. ಆರನೆಯದು: 'ಮಧ್ಯಾಹ್ನ 12.15. ಹಡಗಿನ ಕೆಲಸದಲ್ಲಿದ್ದು ಅಪಘಾತದಲ್ಲಿ ಮೃತಪಟ್ಟ, 31 ವರ್ಷದ ವ್ಯಕ್ತಿಯ ದೇಹ ಸರಕು ವಿಭಾಗಕ್ಕೆ ಬಂದಿದೆ. ಗುರುತು ಹಚ್ಚಲು ಪೆಟ್ಟಿಗೆ ಒಮ್ಮೆ ತೆರೆದು, ತಂಗಿಯಿಂದ ಗುರುತು ಪಡೆದು, ಮತ್ತೆ ಮೊಹರು ಮಾಡಲಾಗಿದೆ.'

ಕೆಳಗಿದ್ದ ಸಹಿ ಟೀಚರಮ್ಮನದೇ.

"ಅವತ್ತು ನಾನೇ ಡ್ಯೂಟಿ," ಎಂದರು ಆಕೆ. ಕೂರಲು ಹೇಳದಿದ್ದರೂ ಕೂತರು. "ಆ ಹುಡುಗಿ ನನ್ನ ಹತ್ರ ಬಾಚಣಿಗೆ ಕೇಳಿದ್ಲು ಸಾರ್."

"ಟಿ.ವಿ.ಯವರು ಇದ್ದರಾ?"

"ಇದ್ರು. ಅನುಮತಿ ಪತ್ರ ತೋರಿಸಿದ್ರು. ಬಿಟ್ಟೆ."

ಆ ದಿನದ ಚಿತ್ರೀಕರಣವನ್ನು ಯಾರಾದರೂ ಕೇಳಿಕೊಂಡು ಬಂದಿದ್ದರೇ ಎಂದು ನಿರ್ಮಾಪಕನನ್ನು ಕರೆಸಿ ಕೇಳಿದರು. ಅವನು ಹೆಡ್‌ಫೋನಿನ ತಂತಿ ತಿರುವುತ್ತ ಕೂತ.

"ಒಬ್ಬರು ಬಂದಿದ್ರು. ವಯಸ್ಸಾದವರು. ಸತ್ತವನ ತಂದೆ. ಏಪ್ರಿಲ್‌ನಲ್ಲಿ ಮೂರು ಸಲ ಬಂದ್ರು."

"ಏನು ಕೇಳಿದ್ರು?"

"ಮಗನ ಮುಖ ನೋಡಬೇಕು ಅಂದ್ರು. ಐದು ನಿಮಿಷ ಸಾಕು, ಇಲ್ಲೇ ತೋರಿಸಿ, ಕೊಡೋದು ಬೇಡ ಅಂದ್ರು."

"ತೋರಿಸಿದ್ರಾ?"

"ಹೇಗೆ ತೋರಿಸೋದು ಸಾರ್? ಖಾಸಗಿತನದ ಪ್ರಶ್ನೆ ಅಲ್ವಾ? ಅವರ ಮಗಳೇ ಕೆಂಪು ಚೀಟಿ ಹಾಕಿದಾರೆ. ಕೆಂಪು ಚೀಟಿಯವರ ಹಸಿ ಚಿತ್ರ ಮೂರನೇ ವ್ಯಕ್ತಿಗೆ ತೋರಿಸೋ ಹಾಗಿಲ್ಲ. ನಮ್ಮ ವಕೀಲರೇ ಬರೆದುಕೊಟ್ಟಿದಾರೆ."

"ಅಪ್ಪ ಮೂರನೇ ವ್ಯಕ್ತಿ," ಎಂದರು ಟೀಚರಮ್ಮ.

"ನಿಯಮದ ಪ್ರಕಾರ ಹೌದು ಮೇಡಂ."

"ಕೆಂಪು ಚೀಟಿ ಇದ್ರೂ ಆ ಕಂತು ಪ್ರಸಾರ ಮಾಡಿದ್ರಲ್ಲ?"

"ಮುಖ ಮಸುಕು ಮಾಡಿದ್ವಿ. ಎಳ್ಳಷ್ಟೂ ಕಾಣದ ಹಾಗೆ."

"ನಿಮ್ಮ ಬೋರ್ಡು ಇರೋದು ಆಗಮನದ ಬಾಗಿಲಲ್ಲಿ," ಇನ್‌ಸ್ಪೆಕ್ಟರ್ ನಿಧಾನವಾಗಿ ಹೇಳಿದರು. "ಆ ಹುಡುಗಿ ಒಳಗೆ ಬಂದಿದ್ದು ಸರಕಿನ ಗೇಟಿನಿಂದ. ಅಲ್ಲಿ ಬೋರ್ಡೇ ಇಲ್ಲ. ಅವಳು ಯಾವುದಕ್ಕೆ ಒಪ್ಪಿದ ಹಾಗಾಯ್ತು?"

ನಿರ್ಮಾಪಕ ಹೆಡ್‌ಫೋನ್ ಸರಿಪಡಿಸಿಕೊಂಡು ಎದ್ದ. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ: "ಮೂರನೇ ಸಲ ಬಂದಾಗ ಕಪಾಟು ತೋರಿಸಿದೆ ಸಾರ್. 'ಎಲ್ಲಾ ತಾರೀಖಿನ ಪ್ರಕಾರ ಭದ್ರವಾಗಿದೆ, ಯಾರ ಕೈಗೂ ಸಿಗಲ್ಲ, ನೀವು ನಿಶ್ಚಿಂತೆಯಿಂದಿರಿ' ಅಂತ ಸಮಾಧಾನ ಹೇಳಿದೆ. ಪೊಲೀಸರ ಹತ್ರ ಹೋಗ್ತೀನಿ ಅಂತ ಎದ್ದು ಹೋದ್ರು. ನಿಮ್ಮ ಹತ್ರ ಬಂದಿರಬೇಕಲ್ಲ?"

ಬಂದಿದ್ದರು. ಅರ್ಜಿಗಳ ಕಡತದಲ್ಲಿ ಕ್ರಮ ಸಂಖ್ಯೆ 63, ಏಪ್ರಿಲ್ 24. ಗೆರೆಯಿಲ್ಲದ ಹಾಳೆಯ ಮೇಲೆ, ಗೆರೆ ಎಳೆದಿಟ್ಟಷ್ಟು ನೇರವಾದ, ಸಾಸಿವೆಯಂಥ ಅಕ್ಷರ. 'ನನ್ನ ಮಗನ ಮುಖ ನನ್ನೊಬ್ಬನನ್ನು ಬಿಟ್ಟು ಎಲ್ಲರೂ ನೋಡಿರುತ್ತಾರೆ. ಟಿ.ವಿ.ಯವರ ಬಳಿ ಇರುವ ಚಿತ್ರವನ್ನು ಒಮ್ಮೆ ತೋರಿಸುವಂತೆ ತಾವು ಹೇಳಬೇಕಾಗಿ ಪ್ರಾರ್ಥನೆ. ವೃತ್ತಿ: ಗಡಿಯಾರ ರಿಪೇರಿ.' ಅರ್ಜಿಯ ಅಂಚಿನಲ್ಲಿ ಹಸಿರು ಶಾಯಿಯ ಷರಾ: 'ಸಿವಿಲ್ ಸ್ವರೂಪದ ವಿಷಯ. ಮುಕ್ತಾಯ.' ಅದರ ಕೆಳಗೆ ಇನ್‌ಸ್ಪೆಕ್ಟರ್ ಸಹಿ.

ಅವರಿಗೆ ಅರ್ಜಿ ನೆನಪಿರಲಿಲ್ಲ. ಬಂದವರ ಮುಖವೂ ನೆನಪಿರಲಿಲ್ಲ. ಆ ದಿನ ಒಟ್ಟು ಹದಿನೇಳು ಅರ್ಜಿಗಳಿಗೆ ಸಹಿ ಹಾಕಿದ್ದರು.

ಸಿಸಿಟಿವಿಯನ್ನು ನಾಲ್ಕನೇ ಸಲ ಹಾಕಿದರು. ಈ ಸಲ ಹುಡುಕಬೇಕಾಗಲಿಲ್ಲ. ಬೆಳಿಗ್ಗೆ 10.05ಕ್ಕೆ ಬೆಂಚಿನ ತುದಿಯಲ್ಲಿ ಬಂದು ಕೂತ ವೃದ್ಧರೊಬ್ಬರು, ತೊಡೆಯ ಮೇಲೆ ಬಟ್ಟೆಯ ಚೀಲ. 1.44ರವರೆಗೆ ಕೂತೇ ಇದ್ದರು. ಅಷ್ಟೂ ಹೊತ್ತು ಅವರ ಪಕ್ಕ ಇಪ್ಪತ್ತಕ್ಕೂ ಹೆಚ್ಚು ಜನ ಕೂತು ಎದ್ದಿದ್ದರು. ಮೂರು ಸಲ ನೋಡಿದಾಗಲೂ ಇನ್‌ಸ್ಪೆಕ್ಟರ್ ಕಣ್ಣು ಅವರನ್ನು ದಾಟಿ ಹೋಗಿತ್ತು.

ಮೇ 7, ಬೆಳಿಗ್ಗೆ 9.30. ಮನೆ ಒಂದು ಹಳೆಯ ವಠಾರದ ಎರಡನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದ ಮಗಳು ಔಷಧಿ ಅಂಗಡಿಯ ಕೆಲಸಕ್ಕೆ ಹೊರಟು ನಿಂತಿದ್ದಳು. ಸಮವಸ್ತ್ರ ಕಂಡು ಮೊದಲು ಕೇಳಿದ್ದು, "ಅಪ್ಪನಿಗೇನಾಯ್ತು?"

"ಏನೂ ಆಗಿಲ್ಲ. ಎಲ್ಲಿದಾರೆ?"

"ಅಂಗಡಿಗೆ ಹೋದ್ರು. ನಾಲ್ಕು ದಿನದಿಂದ ಮತ್ತೆ ಶುರು ಮಾಡಿದಾರೆ. ನನ್ನ ಹಳೇ ಲ್ಯಾಪ್‌ಟಾಪ್ ತಗೊಂಡು ಹೋದ್ರು, ಹಾಡು ಕೇಳೋಕೆ ಅಂತ. ಮನಸ್ಸು ಸ್ವಲ್ಪ ಹಗುರಾಯ್ತೇನೋ ಅಂತ ನಾನೂ ಖುಷಿಯಲ್ಲಿದ್ದೆ."

ಆಮೇಲೆ ಟೀಚರಮ್ಮನನ್ನು ನೋಡಿದಳು. ಗುರುತು ಸಿಕ್ಕಿತು. ಒಳಗೆ ಕರೆದು ಎಲ್ಲ ಹೇಳಿದಳು.

ಮಾರ್ಚ್ 6ರಂದು ತಂದೆಗೆ ಎದೆಯ ಶಸ್ತ್ರಚಿಕಿತ್ಸೆ ಆಗಿತ್ತು. ಅಣ್ಣ ಹೋದ ಸುದ್ದಿ ಬಂದದ್ದು 10ರಂದು. ಒಂದು ತಿಂಗಳಾದರೂ ಯಾವ ಆಘಾತವೂ ಆಗಬಾರದು ಎಂದು ಡಾಕ್ಟರ್ ಹೇಳಿದ್ದರಿಂದ ಅವಳೂ ಚಿಕ್ಕಪ್ಪನೂ ಕೂಡಿ ಮುಚ್ಚಿಟ್ಟರು. ಪೆಟ್ಟಿಗೆ ಬಂದ ಮರುದಿನವೇ ಅಂತ್ಯಕ್ರಿಯೆ ಮುಗಿಸಿದರು. ಹಡಗು ನಡುಸಮುದ್ರದಲ್ಲಿದೆ, ಫೋನ್ ಸಿಗುವುದಿಲ್ಲ ಎಂದು ದಿನಾ ಹೇಳಿದಳು. ಎರಡು ಸಲ ಅಣ್ಣನ ಹೆಸರಲ್ಲಿ ತಾನೇ ಮೆಸೇಜ್ ಕಳಿಸಿಕೊಂಡು ಅಪ್ಪನಿಗೆ ಓದಿ ಹೇಳಿದಳು.

"ಟಿ.ವಿ.ಯಲ್ಲಿ ಬಂದದ್ದು ಯಾವಾಗ ಗೊತ್ತಾಯ್ತು?"

"ಏಪ್ರಿಲ್ ಹನ್ನೊಂದು. ನಾನು ಅಡುಗೆಮನೆಯಲ್ಲಿದ್ದೆ. ಅಪ್ಪ ಮಾತ್ರೆ ನುಂಗ್ತಾ ಟಿ.ವಿ. ನೋಡ್ತಿದ್ರು. 'ಬಾ ಇಲ್ಲಿ' ಅಂದ್ರು. ಬಂದೆ. ಮುಖ ಪೂರ್ತಿ ಅಳಿಸಿದ್ರು, ಮೇಡಂ. ನನಗೇ ಅದು ನಾನು ಅನ್ನಿಸಲಿಲ್ಲ. ಪೆಟ್ಟಿಗೆಯ ರಶೀದಿ ತಗೊಂಡು ನಾಲ್ಕು ಮಡಿಕೆ ಮಾಡಿ ವಾಚ್ ಪಟ್ಟಿಯೊಳಗೆ ಸಿಕ್ಕಿಸ್ಕೊಂಡೆ ನೋಡಿ, ಅಷ್ಟೇ ಸಾಕಾಯ್ತು. ನಮ್ಮಪ್ಪ ಹಾಗೆ ಮಾಡೋದು. ಚಿಕ್ಕಂದಿನಲ್ಲಿ ಅಂಗಡಿಯಲ್ಲಿ ಕೂತು ನಾವಿಬ್ಬರೂ ಅವರನ್ನ ನೋಡೇ ಕಲಿತಿದ್ದು."

"ಏನಂದ್ರು?"

"'ಪೆಟ್ಟಿಗೆಯಲ್ಲಿ ಯಾರು?' ಅಂದ್ರು."

ಒಳಕೋಣೆಯಲ್ಲಿ ಯಾವುದೋ ಗಡಿಯಾರ ಹೊಡೆದು ನಿಂತಿತು.

"ಮುಖ ಹೇಗಿತ್ತು ಅಂತ ಕೇಳಿದ್ರು. ಮಲಗಿದ ಹಾಗಿತ್ತು ಅಪ್ಪಾ ಅಂದೆ. ನಂಬಲಿಲ್ಲ. 'ಮೂವತ್ತೆರಡು ದಿನ ಸುಳ್ಳು ಹೇಳಿದವಳು ಇವತ್ತು ಮಾತ್ರ ಯಾಕೆ ನಿಜ ಹೇಳ್ತೀಯ' ಅಂದ್ರು. ಬಯ್ಯಲಿಲ್ಲ. ಕೇಳಿದ್ರು ಅಷ್ಟೇ."

ಇನ್‌ಸ್ಪೆಕ್ಟರ್ ಕಳವಿನ ವಿಷಯ ಹೇಳಿದರು. ಅವಳು ಗೋಡೆಗೆ ಕೈಯೂರಿ ನಿಂತಳು.

"ಸರಕು ವಿಭಾಗದಲ್ಲಿ ಅವರು ಚಿತ್ರ ತೆಗೆದದ್ದೇ ತಪ್ಪು. ಅದಕ್ಕೆ ನೀವು ಬೇರೆ ದೂರು ಕೊಡಬಹುದು," ಎಂದರು ಇನ್‌ಸ್ಪೆಕ್ಟರ್.

"ಕೊಟ್ರೆ ಆ ವಿಡಿಯೊ ಕೋರ್ಟಲ್ಲಿ ಎಲ್ಲರ ಮುಂದೆ ಹಾಕ್ತಾರೆ ಅಲ್ವಾ ಸಾರ್?"

ಇನ್‌ಸ್ಪೆಕ್ಟರ್ ಅಂಗಡಿಯ ದಾರಿ ಕೇಳಿಕೊಂಡರು.

ಅಂಗಡಿ ಎರಡು ಬೀದಿ ಆಚೆ, ಒಂದು ಮೆಟ್ಟಿಲಿನ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಜಾಗದಲ್ಲಿತ್ತು. 10.50ಕ್ಕೆ ಅವರು ಹೋದಾಗ ಷಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ನೋಡಿದರೆ, ರಿಪೇರಿಗೆ ಬಂದ ಗಡಿಯಾರಗಳು ಗೋಡೆ ತುಂಬ. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ, ಚೀಟಿಯ ಮೇಲೆ ಬಂದ ತಾರೀಖು. ಮೇಜಿನ ಮೇಲೆ ಚಿಮುಟ, ಎಣ್ಣೆಯ ಪುಟ್ಟ ಬಾಟಲಿ, ದಪ್ಪದಿಂದ ತೆಳ್ಳನೆಯದಕ್ಕೆ ಸಾಲಾಗಿಟ್ಟ ಸ್ಕ್ರೂಡ್ರೈವರ್‌ಗಳು. ಅವುಗಳ ನಡುವೆ ಲ್ಯಾಪ್‌ಟಾಪ್. ಹಳದಿ ಡಬ್ಬಿ ಪಕ್ಕದಲ್ಲೇ ಇತ್ತು, ಬಚ್ಚಿಟ್ಟಿರಲಿಲ್ಲ.

ಪರದೆಯ ಮೇಲೆ ಆಗಮನದ ಹಾಲ್. ಧ್ವನಿ ಇರಲಿಲ್ಲ.

"ಬನ್ನಿ ಸಾರ್," ಎಂದರು ವೃದ್ಧರು, ರಿಪೇರಿಗೆ ಕೊಟ್ಟ ವಾಚ್ ಕೇಳಲು ಬಂದವರಿಗೆ ಹೇಳುವ ಹಾಗೆ. "ಒಂದು ನಿಮಿಷ. ಈ ಮಗು ಬರತ್ತೆ ಈಗ."

ಪರದೆಯಲ್ಲಿ ನೀಲಿ ಅಂಗಿಯವನೊಬ್ಬ ಮಂಡಿಯೂರಿ ಕೈ ಚಾಚಿದ. ಮಗುವೊಂದು ಹೆದರಿ ಅಮ್ಮನ ಕಾಲ ಹಿಂದೆ ಬಚ್ಚಿಟ್ಟುಕೊಂಡಿತು.

"ಮೊದಲು ಗುರುತು ಹಿಡಿಯಲ್ಲ. ಆಮೇಲೆ ಅವನು ಏನೋ ಹಾಡ್ತಾನೆ, ಆಗ ಬರತ್ತೆ."

ಮಗು ಬಂತು.

"ಯಜಮಾನ್ರೇ," ಇನ್‌ಸ್ಪೆಕ್ಟರ್ ಕೇಳಿದರು, "ಇದರಲ್ಲಿ ನಿಮ್ಮ ಮಗ ಇದಾರಾ?"

"ಇಲ್ಲ. ತಾರೀಖು ತಪ್ಪಾಗಿದೆ ಅಂತ ಮೊದಲ ದಿನವೇ ಗೊತ್ತಾಯ್ತು. ಎಲ್ಲರೂ ದಪ್ಪ ಬಟ್ಟೆ ಹಾಕಿದಾರೆ ನೋಡಿ, ಚಳಿಗಾಲದ್ದು. ನಮ್ಮಲ್ಲಿ ವಸ್ತು ಬಂದ ದಿನ ಬರೀತೀವಿ. ಅವರು ಬೇರೆ ಲೆಕ್ಕ ಇಟ್ಟಿದಾರೆ ಅಂತ ಕಾಣತ್ತೆ."

"ಗೊತ್ತಾದ ಮೇಲೂ ನಾಲ್ಕು ದಿನ ನೋಡ್ತಾ ಕೂತಿದ್ರಲ್ಲ, ಯಾಕೆ?"

ವೃದ್ಧರು ಪರದೆಯಿಂದ ಕಣ್ಣು ಕೀಳಲಿಲ್ಲ. "ಎಲ್ಲರೂ ಬರ್ತಾ ಇದ್ರು ಸಾರ್."

ಅವರೇ ಮುಂದುವರಿಸಿದರು: "ಒಬ್ಬಳು ಇದಾಳೆ, ಹಳದಿ ಕೊಡೆಯವಳು. ಮೂರು ಗಂಟೆ ಕಾಯ್ತಾಳೆ. ಯಾರೂ ಬರಲ್ಲ. ಕೆಂಪು ಚೀಟಿ ಹಿಡ್ಕೊಂಡು ಫೋಟೊಗೆ ನಿಲ್ತಾಳೆ. ಅವಳನ್ನ ನಾನು ನೋಡಬಾರದಿತ್ತು. ತಪ್ಪು ಅಂತ ಗೊತ್ತು."

"ಠಾಣೆಗೆ ಬಂದಿದ್ರಲ್ಲ, ನನ್ನನ್ನೇ ನೋಡಿ ಮಾತಾಡಬಹುದಿತ್ತು."

"ಎರಡು ಗಂಟೆ ಕೂತಿದ್ದೆ. ನೀವು ಮೂರು ಸಲ ನನ್ನ ಮುಂದೆ ಹಾದು ಹೋದ್ರಿ. ಅವಸರದಲ್ಲಿದ್ದ ಹಾಗೆ ಕಂಡ್ರಿ, ಅದಕ್ಕೇ ಏಳಲಿಲ್ಲ."

ಬಂಧನದ ಸಮಯ 11.15. ಡಿಸ್ಕನ್ನು ಪಂಚರ ಎದುರು ವಶಕ್ಕೆ ತೆಗೆದುಕೊಂಡು ಮೊಹರು ಮಾಡಲಾಯಿತು. ಏಳುವ ಮೊದಲು ವೃದ್ಧರು ರಿಪೇರಿ ಮುಗಿದಿದ್ದ ಎರಡು ವಾಚುಗಳನ್ನು ಪಕ್ಕದ ಅಂಗಡಿಯವನಿಗೆ ಒಪ್ಪಿಸಿ, ಯಾರಿಗೆ ಕೊಡಬೇಕೆಂದು ಹೇಳಿದರು. ಪಂಚನಾಮೆಯ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ವಾಚ್ ಪಟ್ಟಿಯೊಳಗೆ ಸಿಕ್ಕಿಸಿಕೊಂಡರು.

ಸಂಜೆ ಐದಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ಅದಕ್ಕೂ ಮೊದಲು ಇನ್‌ಸ್ಪೆಕ್ಟರ್ ನಿಲ್ದಾಣಕ್ಕೆ ಹೋಗಿ 'ಹನ್ನೊಂದು–ನಾಲ್ಕು' ಎಂದು ಬರೆದ ಡಿಸ್ಕನ್ನು ವಶಪಡಿಸಿಕೊಳ್ಳುವ ನೋಟಿಸು ಕೊಟ್ಟರು. ಕಳವಿನ ಉದ್ದೇಶ ಸಾಬೀತುಪಡಿಸಲು ಅದು ಬೇಕು ಎಂದು ಬರೆದರು. ಬರೆದದ್ದು ಸುಳ್ಳಲ್ಲ. ಇನ್ನೊಂದು ಕಾರಣವಿತ್ತು, ಅದನ್ನು ಬರೆಯಲು ನೋಟಿಸಿನಲ್ಲಿ ಜಾಗ ಇರಲಿಲ್ಲ.

ನಿರ್ಮಾಪಕ ವಕೀಲರಿಗೆ ಫೋನ್ ಹಚ್ಚುತ್ತಿದ್ದಾಗ, ಅಷ್ಟೂ ಹೊತ್ತು ಮೂಲೆಯಲ್ಲಿ ನಿಂತಿದ್ದ ಕ್ಯಾಮೆರಾಮನ್ ಹತ್ತಿರ ಬಂದ.

"ಸಾರ್, ಅದರಲ್ಲಿ ಮುಖ ಇಲ್ಲ."

"ಅಂದ್ರೆ?"

"ಮುಚ್ಚಳ ತೆಗೆದಾಗ ಕ್ಯಾಮೆರಾ ಕೆಳಗಿಳಿಸಿದೆ. ಆಫ್ ಮಾಡಿದ್ರೆ ಇವರು ಬಯ್ತಾರೆ. ಕೆಳಗೆ ಹಿಡಿದರೆ ಕೈತಪ್ಪಿ ಆಯ್ತು ಅನ್ನಬಹುದು. ನಾಲ್ಕು ನಿಮಿಷ ಬರೀ ನೆಲ ಬಂದಿದೆ."

"ಯಾಕೆ ಹಾಗೆ ಮಾಡಿದೆ?"

"ನೋಡಬಾರದು ಅನ್ನಿಸ್ತು." ಅವನು ತನ್ನ ಬೂಟುಗಳನ್ನು ನೋಡಿಕೊಂಡ. "ಒಂಬತ್ತು ತಿಂಗಳಲ್ಲಿ ಅದೊಂದು ಕೆಲಸ ಸರಿಯಾಗಿ ಮಾಡಿದೆ ಅಂದ್ಕೊಂಡಿದ್ದೆ. ಆ ಯಜಮಾನ್ರು ಬಂದು ಕೇಳ್ತಿದ್ದಾಗ ಹೇಳೋಕೂ ಬಾಯಿ ಬರಲಿಲ್ಲ."

ಮಧ್ಯಾಹ್ನ 3.40. ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೋಣೆ. ಇಬ್ಬರು ಪಂಚರು, ಟೀಚರಮ್ಮ, ಮೇಜಿನ ಎದುರು ವೃದ್ಧರು. ಮಗಳು ಹೊರಗೆ ಬೆಂಚಿನ ಮೇಲೆ ಜಾಮೀನಿನ ಕಾಗದ ಹಿಡಿದು ಕೂತಿದ್ದಳು. ಬಾಗಿಲು ತೆರೆದಿತ್ತು. ಅರ್ಜಿ ಸಂಖ್ಯೆ 63 ಕಡತದಿಂದ ಹೊರಬಂದು ಪ್ರಕರಣದ ದಾಖಲೆಗಳ ಜತೆ ಮೇಜಿನ ಮೇಲಿತ್ತು, ಹಸಿರು ಷರಾ ಮೇಲ್ಮುಖವಾಗಿ.

"ಯಜಮಾನ್ರೇ, ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಇದರಲ್ಲಿ ಮುಖ ಇಲ್ಲ."

ವೃದ್ಧರ ಕೈ ವಾಚ್ ಪಟ್ಟಿಯ ಮೇಲೆ ಹೋಗಿ ಅಲ್ಲೇ ನಿಂತಿತು. "ಮತ್ತೇನಿದೆ?"

"ನೆಲ. ಮತ್ತೆ ಮಾತು."

"ಯಾರದು?"

"ನಿಮ್ಮ ಮಗಳದ್ದು."

ಹೊರಗೆ ಪ್ರಯಾಣಿಕರ ಸಾಮಾನಿನ ಗಾಡಿಗಳು ಒಂದಕ್ಕೊಂದು ತಾಗುವ ಸದ್ದು. ವೃದ್ಧರು ತಲೆಯಾಡಿಸಿದರು. "ಹಾಕಿ."

ಪರದೆಯಲ್ಲಿ ಬೂದು ಬಣ್ಣದ ನೆಲ, ಪೆಟ್ಟಿಗೆಯ ಕೆಳಗಿನ ಚಕ್ರ, ಯಾರದೋ ಚಪ್ಪಲಿ. ಮುಚ್ಚಳ ಸರಿಸಿದ ಸದ್ದು. 'ಇವರೇನಾ?' ಎಂದು ಗಂಡಸಿನ ಧ್ವನಿ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಹುಡುಗಿಯ ಧ್ವನಿ, ಯಾರಿಗೂ ಅಲ್ಲ ಎಂಬಂತೆ: 'ಹೌದು. ಇವನೇ. ಬೈತಲೆ ತಪ್ಪು ಕಡೆ ತೆಗೆದಿದಾರೆ. ಅಣ್ಣ ಬಲಗಡೆ ಬಾಚೋದು. ಮೇಡಂ, ನಿಮ್ಮ ಹತ್ರ ಬಾಚಣಿಗೆ ಇದೆಯಾ?' ಬ್ಯಾಗಿನ ಜಿಪ್ ಎಳೆದ ಸದ್ದು. 'ತಗೊಳ್ಳಮ್ಮ' ಎಂದು ಇನ್ನೊಂದು ಧ್ವನಿ. ಕೋಣೆಯಲ್ಲಿ ಟೀಚರಮ್ಮ ಕಿಟಕಿಯ ಕಡೆ ತಿರುಗಿದರು. ಬಾಚಣಿಗೆ ಮೆಲ್ಲಗೆ ಆಡುವ ಸದ್ದು. 'ಹಾಂ, ಈಗ ಸರಿಯಾಯ್ತು. ಮಲಗಿದ ಹಾಗೇ ಇದಾನೆ. ಅಪ್ಪನಿಗೆ ಹೇಗೋ ಹೇಳ್ತೀನಿ ಅಣ್ಣಾ, ನೀನು ಯೋಚನೆ ಮಾಡಬೇಡ.'

ಮಹಜರನ್ನು ಟೀಚರಮ್ಮನೇ ಬರೆದರು. ಅದರ ಕೊನೆಯ ಭಾಗ ಹೀಗಿದೆ: 'ದೃಶ್ಯದ ಅವಧಿ 4 ನಿಮಿಷ 10 ಸೆಕೆಂಡ್. ಮೃತನ ಮುಖ ಕಾಣುವುದಿಲ್ಲ. ಆರೋಪಿಯು ಧ್ವನಿ ತನ್ನ ಮಗಳದೆಂದು ಗುರುತಿಸಿದ್ದು, ಮಗಳನ್ನು ಒಳಗೆ ಕರೆಯುವಂತೆಯೂ, ಇನ್ನೊಮ್ಮೆ ಹಾಕುವಂತೆಯೂ ಕೋರಿದ್ದಾರೆ. ಎರಡನ್ನೂ ನೆರವೇರಿಸಲಾಗಿದೆ. ಎರಡನೇ ಸಲ ಆರೋಪಿಯ ಕೋರಿಕೆಯಂತೆ ಪರದೆಯನ್ನು ಆರಿಸಿ, ಧ್ವನಿಯನ್ನು ಮಾತ್ರ ಕೇಳಿಸಲಾಗಿದೆ.'